ಗೇಣುಮಾವನ ಮೂರು ಗುಂಡಿ

ನಮ್ಮ ಗುಡ್ಡದಲ್ಲಿ ಮಣ್ಣಿದೆ ಎನ್ನುವುದು ಮರ್ಯಾದೆಗೆ ಆಡುವ ಮಾತು. ಇರುವುದು ಜಲ್ಲಿ, ಜಲ್ಲಿಯ ನಡುವೆ ಸಿಕ್ಕಿಹಾಕಿಕೊಂಡ ಒಂದಿಷ್ಟು ಪುಡಿ. ಒಂದು ಕಿಲೋ ಅಗೆದು ಜರಡಿ ಹಿಡಿದರೆ ಮುಕ್ಕಾಲು ಕಿಲೋ ಕಲ್ಲು ಮೇಲೆ ಉಳಿಯುತ್ತದೆ. ವರ್ಷಕ್ಕೆ ನಾಲ್ಕಾರು ಸಲ ಮಳೆ ಬಂದರೆ ಅದೇ ಹೆಚ್ಚು. ಬಂದದ್ದರಲ್ಲಿ ಅರ್ಧ ಇಳಿಜಾರಿನಲ್ಲಿ ಓಡಿಹೋಗುತ್ತದೆ, ಇನ್ನರ್ಧ ಕಲ್ಲಿನ ಸಂದಿಯಲ್ಲಿ ಇಳಿದು, ಬಂಡೆ ಮುಟ್ಟಿ, ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದ ನೆಂಟರ ಹಾಗೆ ಪಕ್ಕಕ್ಕೆ ಸರಿಯುತ್ತದೆ.

ಈ ಸಂಪತ್ತನ್ನು ಅಳೆಯಲು ನಮ್ಮಲ್ಲಿ ಒಂದು ಮಣ್ಣು ಪರೀಕ್ಷೆಯ ಕಚೇರಿ ಇದೆ. ನಾನು ಅಲ್ಲಿ ವರದಿ ಟೈಪ್ ಮಾಡುವವಳು. ನನ್ನ ಸೋದರಮಾವ ಅಲ್ಲಿ ಗುಂಡಿ ತೋಡುವವರು. ಅಧಿಕಾರಿಗಳು ಜೀಪಿನ ನೆರಳಲ್ಲಿ ಕೂತು 'ಆಳ ಎಷ್ಟು?' ಎಂದು ಕೂಗುತ್ತಾರೆ. ಮೇಲಿನಿಂದ ಮಾವ 'ಒಂದು ಗೇಣು!' ಎಂದು ಕೂಗುತ್ತಾರೆ. ಮೂವತ್ತೊಂದು ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಗೇಣು. ನನಗೆ ಗೇಣುಮಾವ.

ಮಾವ ಟೇಪು ಹಿಡಿಯುವುದಿಲ್ಲ, ಅದು ಕಿವಿ ಇಲ್ಲದವರಿಗಂತೆ. ಹಾರೆ ಎತ್ತಿ ಕುಕ್ಕಿ, ತಲೆ ಓರೆ ಮಾಡಿ ಕೇಳುತ್ತಾರೆ. ಠಣ್ ಎಂದು ಮೊಣಕೈವರೆಗೆ ಜುಮ್ಮೆಂದರೆ ಬಂಡೆ. ಠಪ್ ಎಂದು ಮಂಕಾಗಿ ಕೇಳಿದರೆ ಹೂತುಹೋದ ಬಿಡಿಗಲ್ಲು, ಅದರ ಕೆಳಗೆ ಮಣ್ಣಿರಬಹುದು. ಇಳಿಜಾರಿನ ಮಣ್ಣನ್ನು ನಂಬುವ ಹಾಗಿಲ್ಲ. ಎಲ್ಲ ಕಡೆ ಗೇಣುದ್ದ ಇದ್ದು, ಬಂಡೆಯ ತಗ್ಗಿನಲ್ಲಿ ಮಾತ್ರ ಆಳುದ್ದ ತುಂಬಿಕೊಂಡಿರುತ್ತದೆ. ಅದಕ್ಕೇ ಕಚೇರಿಯಲ್ಲಿ ಒಂದು ನಿಯಮ: ಪ್ರತಿ ಜಾಗಕ್ಕೂ ಹತ್ತು ಹೆಜ್ಜೆಗೊಂದರಂತೆ ಮೂರು ಗುಂಡಿ. ಯಾರೂ ತಿರುಗಿ ನೋಡದ ಗುಡ್ಡಗಳಲ್ಲೂ ಮಾವ ಮೂರು ತೋಡಿದ್ದಾರೆ. ಅಂಥ ಶಿಸ್ತಿನ ಮನುಷ್ಯ!

ಒಡಹುಟ್ಟಿದ ತಂಗಿಗೆ ಮಾತ್ರ ಒಂದೇ ಗುಂಡಿ ತೋಡಿದರು.

ಆ ತಂಗಿ ನನ್ನಮ್ಮ. ನಮ್ಮ ಮನೆಯ ಹಿಂದೆ ಅಮ್ಮನದೇ ಒಂದು ತುಂಡು ಇಳಿಜಾರು ಇದೆ. ಅಲ್ಲಿ ದಾಳಿಂಬೆ ಬೆಳೆಸಬೇಕೆಂದು ಅಮ್ಮನ ಆಸೆ. ಹಳೇ ಎಣ್ಣೆ ಡಬ್ಬಗಳಲ್ಲಿ ನಲವತ್ತು ಸಸಿ ಎಬ್ಬಿಸಿ, ಪಾತ್ರೆ ತೊಳೆದ ನೀರು ಹಾಕಿ, ಮೊಣಕಾಲೆತ್ತರ ಬೆಳೆಸಿದ್ದಳು. ನೆಡುವ ಮೊದಲು ಅಣ್ಣನನ್ನು ಕೇಳಿದಳು. ಮನೆಯಲ್ಲೇ ಪಂಡಿತರಿರುವಾಗ ಕೇಳದಿದ್ದರೆ ಹೇಗೆ?

ಪಂಡಿತರು ಭಾನುವಾರ ಬಂದರು, ಊಟ ಮಾಡಿದರು, ಹಿಂದೆ ಹೋಗಿ ಒಂದು ಗುಂಡಿ ಕುಕ್ಕಿದರು. ಠಣ್.

"ಒಂದು ಗೇಣು ಕಣಮ್ಮ. ಕೆಳಗೆ ಬಂಡೆ. ಬಿಟ್ಟುಬಿಡು."

"ಇನ್ನೊಂದು ಕಡೆ ನೋಡಣ್ಣ..."

"ನನ್ ಕಿವಿ ಮೇಲೆ ನಂಬಿಕೆ ಇಲ್ವಾ ನಿಂಗೆ?"

ನಂಬಿಕೆ ಇತ್ತು, ಅದೇ ತೊಂದರೆಯಾಯಿತು. ಅಮ್ಮ ಸಸಿಗಳನ್ನೆಲ್ಲ ಕೆಳಗಿನ ಬೀದಿಯವರಿಗೆ ಹಂಚಿ, ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿದಳು. ಅಲ್ಲಿ ಅವಳಿಗೆ ಸಿಕ್ಕಿದ್ದು ಅಂಗಿಯ ಗುಂಡಿಮನೆ ಹೊಲಿಯುವ ಕೆಲಸ. ಹತ್ತೊಂಬತ್ತು ವರ್ಷ ಟ್ಯೂಬ್‌ಲೈಟಿನ ಕೆಳಗೆ ಕತ್ತು ಬಗ್ಗಿಸಿ ಹೊಲಿದಳು. ಈಗ ದಪ್ಪ ಕನ್ನಡಕ ಹಾಕಿದರೂ ಸೂಜಿಗೆ ದಾರ ಪೋಣಿಸಲು ನಾನೇ ಬೇಕು.

ಕಳೆದ ತಿಂಗಳು ಜಲ್ಲಿ ಕಂಟ್ರಾಕ್ಟರ್ ಬಂದ. ರಸ್ತೆಗೆ ಜಲ್ಲಿ ಬೇಕು, ಇಳಿಜಾರು ಕೊಟ್ಟರೆ ಕೆರೆದು ಒಯ್ಯುತ್ತೇನೆ ಎಂದ. ಕೆಲಸಕ್ಕೆ ಬಾರದ ಜಾಗ, ಕೇಳುವವನೊಬ್ಬ ಸಿಕ್ಕಿದ್ದೇ ಪುಣ್ಯ ಎಂದು ಅಮ್ಮ ಒಪ್ಪಿದಳು. ಸೋಮವಾರ ಸಹಿ ಎಂದು ಮಾತಾಯಿತು. ಅವನು ಒಮ್ಮೆ ಕೆರೆದನೆಂದರೆ ಅಲ್ಲಿ ಪಾಪಾಸುಕಳ್ಳಿಯೂ ಹುಟ್ಟುವುದಿಲ್ಲ. ಮಾವ ಬಂದು, "ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದು ಮೀಸೆ ತಿರುವಿ ಹೋದರು.

ಶನಿವಾರ ಬೆಳಿಗ್ಗೆ, ಗಡಿಕಲ್ಲು ಕಿತ್ತುಕೊಡುತ್ತೇನೆಂದು ಹಾರೆ ಹೊತ್ತುಕೊಂಡು ಅವರೊಬ್ಬರೇ ಹಿಂದೆ ಹೋದರು. ನಾನು ಹಿತ್ತಲ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಹಳೇ ಗುಂಡಿಯ ಹತ್ತಿರ ನಿಂತು ಹಾರೆಯನ್ನು ಸುಮ್ಮನೆ ಕುಕ್ಕಿದರು, ಹಳೇ ಗೆಳೆಯನ ಬೆನ್ನು ತಟ್ಟುವ ಹಾಗೆ. ಠಣ್. ಸಂತೋಷಕ್ಕೆ ಇನ್ನೊಮ್ಮೆ ಕುಕ್ಕಿದರು. ಹಾರೆ ಜಾರಿ, ಕಲ್ಲಿನ ಪಕ್ಕದಲ್ಲಿ ಇಳಿಯಿತು. ಇಳಿಯುತ್ತಲೇ ಹೋಯಿತು. ಅವರು ಕೈಯಲ್ಲಿ ಹಿಡಿದಷ್ಟೇ ಮೇಲೆ ಉಳಿಯಿತು.

ಅವರು ಸುತ್ತ ನೋಡಿದರು. ನಾನು ಹಗ್ಗದ ಮೇಲಿನ ಬೆಡ್‌ಶೀಟಿನ ಹಿಂದೆ ಇದ್ದೆ. ಹಾರೆ ಮೇಲೆಳೆದರು, ಕಾಲಿನಿಂದ ಮಣ್ಣು ತಳ್ಳಿ ತೂತು ಮುಚ್ಚಿದರು. ನಿವೃತ್ತಿಗೆ ಇನ್ನು ಹನ್ನೆರಡು ದಿನ. 'ಒಮ್ಮೆಯೂ ತಪ್ಪದ ಕಿವಿ' ಎಂದು ಸನ್ಮಾನಪತ್ರ ಟೈಪ್ ಮಾಡಿದವಳು ನಾನೇ. ಮುಚ್ಚಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ಮೈ ಉರಿದುಹೋಯಿತು. ಇವರು ಬಾಯಿ ಬಿಡದಿದ್ದರೆ ನಾನೇ ಬಿಡುತ್ತೇನೆ, ಸನ್ಮಾನಪತ್ರವನ್ನು ಒಲೆಗೆ ಹಾಕುತ್ತೇನೆ ಎಂದುಕೊಂಡೆ.

ಆದರೆ ಅವರು ಹೋಗಲಿಲ್ಲ. ಬಹಳ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದು, ಮತ್ತೆ ಅಗೆಯತೊಡಗಿದರು. ಊಟದ ಹೊತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತಾಗ ಅವರ ಕೈ ಭುಜದವರೆಗೆ ಮಣ್ಣು ಮೆತ್ತಿ ಕೆಂಪಾಗಿತ್ತು. ಅಮ್ಮ ತರಕಾರಿ ಹೆಚ್ಚುತ್ತಿದ್ದಳು.

"ತಪ್ಪಾಗಿದೆ ಕಣಮ್ಮ," ಎಂದರು. "ಅದು ಬಂಡೆ ಅಲ್ಲ. ದೊಡ್ಡ ಬಿಡಿಗಲ್ಲು, ಅದಕ್ಕೇ ಬಂಡೆ ಥರ ಠಣ್ ಅಂದಿದೆ. ಪಕ್ಕದಲ್ಲೇ ನನ್ನೆದೆವರೆಗೂ ಮಣ್ಣಿದೆ."

ಅಮ್ಮ ಈಳಿಗೆ ಮಡಿಸಿ ಬದಿಗಿಟ್ಟಳು. ಬೈಯಲಿಲ್ಲ, ಅಳಲಿಲ್ಲ. "ಇನ್ನೆರಡು ತೋಡಣ್ಣ," ಎಂದಳು.

"ಈಗ್ಲಾ?"

"ಈಗ್ಲೇ. ನಿಮ್ಮಾಫೀಸಲ್ಲಿ ಮೂರಲ್ವಾ?"

ಬಿಸಿಲಲ್ಲಿ ಹತ್ತು ಹೆಜ್ಜೆ ಅಳೆದು ಮಾವ ಎರಡನೆಯದು ತೋಡಿದರು. ಗೇಣುದ್ದಕ್ಕೆ ಠಣ್ ಎಂದಿತು. ಸುತ್ತ ನಾಲ್ಕು ಕಡೆ ಕುಕ್ಕಿದರೂ ಅದೇ ಸದ್ದು. ನಿಜವಾದ ಬಂಡೆ. ಅವರ ಮುಖ ನೋಡಬೇಕಿತ್ತು, ಜೈಲಿನಿಂದ ಬಿಡುಗಡೆ ಆದವರ ಹಾಗೆ ಅರಳಿತು. "ನೋಡಿದ್ಯಾ?" ಎಂದರು.

"ಖುಷಿ ಆಮೇಲೆ ಪಡು. ಮೂರನೇದು."

ಮೂರನೆಯದರಲ್ಲಿ ಹಾರೆ ಮೊಣಕಾಲುದ್ದ ಇಳಿಯಿತು, ಸೊಂಟದುದ್ದ ಇಳಿಯಿತು. ಮಾವ ತಲೆ ಓರೆ ಮಾಡಿ ಕಾದರು, ಏನೂ ಕೇಳಿಸಲಿಲ್ಲ. ಮೇಲೆ ಬಂದ ಮಣ್ಣನ್ನು ಅಮ್ಮ ಹಿಡಿಯಲ್ಲಿ ಎತ್ತಿ ಹಿಸುಕಿದಳು. ಕಲ್ಲು ಕಡಿಮೆ, ಒಳಗೆ ಇನ್ನೂ ತಣ್ಣಗಿತ್ತು. ನಲವತ್ತಲ್ಲದಿದ್ದರೂ ಇಪ್ಪತ್ತು ಗಿಡಕ್ಕೆ ಸಾಕು ಎಂದು ಮಾವ ಲೆಕ್ಕ ಹೇಳಿದರು. ಯಾರೂ ಕೇಳಿರಲಿಲ್ಲ.

ಅಮ್ಮ ನನ್ನ ಫೋನಿನಿಂದ ಕಂಟ್ರಾಕ್ಟರಿಗೆ ಕರೆ ಮಾಡಿಸಿದಳು. "ಕೊಡಲ್ಲಪ್ಪ," ಎಂದಳು. ಆ ಕಡೆಯಿಂದ ಏನೋ ದೊಡ್ಡ ದನಿ ಕೇಳಿತು. "ಕೊಡಲ್ಲ ಅಂದ್ನಲ್ಲ," ಎಂದು ಫೋನು ನನ್ನ ಕೈಗಿಟ್ಟಳು.

"ಎಷ್ಟೊತ್ತು ಆಯ್ತೇ, ಎರಡು ಗುಂಡಿಗೆ?" ಎಂದು ನನ್ನನ್ನು ಕೇಳಿದಳು.

ನಾನು ಗಡಿಯಾರ ನೋಡಿದೆ. "ಮೂವತ್ತೈದು ನಿಮಿಷ."

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಅದಿಲ್ಲದೆ ಅವಳಿಗೆ ಅಣ್ಣನ ಮುಖ ಕಾಣುವುದಿಲ್ಲ. ಆದರೂ ಅತ್ತಲೇ ನೋಡಿ ಕೇಳಿದಳು.

"ಅವತ್ತು ನಿನ್ ಹತ್ರ ಮೂವತ್ತೈದು ನಿಮಿಷ ಇರ್ಲಿಲ್ವಾ ಅಣ್ಣ?"