ಮೊಳೆಯ ಮೇಲಿನ ಕುಡಗೋಲು

ಬಸ್ಸು ಕೆಡಬಹುದಿತ್ತು. ಗೋಕಾಕದಿಂದ ಮೂಡಲಗಿ ಕಡೆ ಹೋಗುವ ಮುಂಜಾನೆಯ ಬಸ್ಸು ಕೆಡದಿದ್ದರೂ ಅದರ ನೂಕಾಟದಲ್ಲಿ ನನ್ನ ಅಂಗಿಯ ಗುಂಡಿ ಕಿತ್ತುಹೋಗಬಹುದಿತ್ತು. ಏಳನೆಯ ತರಗತಿಯ ಮಕ್ಕಳು ತುಟಿ ಬಿಚ್ಚದೆ ಕೂರಬಹುದಿತ್ತು. ಬಿಚ್ಚಿದರೆ ಅದು ಇನ್ನೂ ಅಪಾಯ. ನನ್ನ ಮಾದರಿ ಪಾಠ ನೋಡಲು ಬರುವ ಮಾಸ್ತರರಲ್ಲಿ ಒಬ್ಬರಾದರೂ ಎದ್ದು, "ಸಂಕೇತಕ್ಕೂ ರೂಪಕಕ್ಕೂ ಫರಕ ಏನ್ರಿ?" ಎಂದು ಕೇಳಬಹುದಿತ್ತು. ಮನೆಯಿಂದ ಒಂದೊಂದು ವಸ್ತು ತರಲು ಮಕ್ಕಳಿಗೆ ಹೇಳಿದ್ದೆ. ಯಾರಾದರೂ ಜೀವಂತ ಕೋಳಿ ತರಬಹುದಿತ್ತು. ಐವತ್ತರ ಹತ್ತಿರ ಬಂದ ನಾನು ಭಾನುವಾರವಿಡೀ ಕೂತು ಸೋಮವಾರದ ಪಾಠವನ್ನು ಹೀಗೆ ಹದಿನೈದು ಬಗೆಯಲ್ಲಿ ಕೆಡಿಸಿದೆ.

"ಇಷ್ಟು ಕೆಡಿಸಿದ ಮ್ಯಾಲ ಕೆಡಾಕ ಇನ್ನೇನ್ ಉಳದೈತ್ರಿ? ಊಟಾ ಮಾಡ್ರಿ," ಎಂದಳು ಹೆಂಡತಿ.

ಅದರಲ್ಲಿ ಯಾವುದೂ ಆಗಲಿಲ್ಲ. ಗುಂಡಿ ಸಹಿತ ಶಾಲೆ ಮುಟ್ಟಿದೆ. ಮೊದಲು ನಾನೇ ಕಟ್ಟಿದ ಒಂದು ಕಥೆ ಹೇಳಿದೆ. ಬಾವಿಯ ಹಗ್ಗ, ಊರಿಗೆಲ್ಲ ನೀರು ಕುಡಿಸುವವ ನಾನೇ ಎಂದು ಮೆರೆಯುತ್ತದೆ, ಬಾವಿ ಸುಮ್ಮನಿರುತ್ತದೆ.

"ಈ ಕಥಿ ಬರೇ ಹಗ್ಗದ್ದಲ್ಲ. ಹಗ್ಗ ಅಂದ್ರ ಯಾರು?" ಎಂದೆ.

"ನಮ್ಮ ಕಾಕಾ ರೀ ಸರ," ಎಂದ ಒಬ್ಬ. "ಹೊಲದಾಗ ದುಡಿಯಾಂವ ನಮ್ಮಪ್ಪ, ಕಟ್ಟಿ ಮ್ಯಾಲ ಕುಂತು ಬಡಾಯಿ ಹೊಡಿಯಾಂವ ಕಾಕಾ."

ಹಿಂದೆ ಕೂತ ಮಾಸ್ತರರೆಲ್ಲ ನಕ್ಕರು. ರೂಪಕ ಕಥೆ ಎಂದರೇನು ಎಂದು ಇನ್ನು ವಿವರಿಸುವ ಅಗತ್ಯ ಉಳಿಯಲಿಲ್ಲ.

ಆಮೇಲೆ ಸಂಕೇತ: ಒಂದು ವಸ್ತು ತನ್ನಾಚೆಗಿನ ಇನ್ನೇನನ್ನೋ ಹೇಳುವುದು. ದೀಪ ತಂದವರು ಆರು ಜನ, ಆರೂ ದೀಪಕ್ಕೆ ಒಂದೇ ಉತ್ತರ, ಜ್ಞಾನ. ಒಬ್ಬ ಹುಡುಗಿ ಮಾತ್ರ ಕುಡಗೋಲು ತಂದಿದ್ದಳು. ಅದರ ಹಿಡಿಗೆ ಹಳೆಯ ಸೀರೆಯ ಹಸಿರು ಅಂಚು ಸುತ್ತಿತ್ತು. ಸೋಮವಾರ ಬಸವಣ್ಣನ ವಾರವೆಂದು ಆ ಊರಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಆಳುಗಳಿಗೂ ಸೂಟಿ. ಹಾಗಾಗಿ ಆಕೆಗೆ ಅದು ಸಿಕ್ಕಿತ್ತು.

"ಇದೇನ್ ಹೇಳ್ತೈತಿ, ಹೇಳವಾ."

"ನಮ್ಮವ್ವನ ಕುಡಗೋಲ ರೀ."

"ಅದು ಖರೆ. ಅದರಾಚಿ?"

"ಸಾಲಿ ಬಿಟ್ಟು ಮನಿಗಿ ಹೋದ ಕೂಡ್ಲೆ ನಾ ಗ್ವಾಡಿ ಮ್ಯಾಲಿನ ಮೊಳಿ ನೋಡ್ತೇನ್ರಿ. ಮೊಳಿ ಮ್ಯಾಲ ಇದು ಇದ್ರ ಅವ್ವ ಮನ್ಯಾಗ ಅದಾಳ. ಮೊಳಿ ಖಾಲಿ ಇದ್ರ ಹೊಲದಾಗ ಅದಾಳ."

ಆ ದಿನ ಆ ಕೋಣೆಯಲ್ಲಿ ಸಂಕೇತವೆಂದರೆ ಏನೆಂದು ಅರಿತವಳು ಆಕೆಯೊಬ್ಬಳೇ. ನಾನು "ಛಲೋ, ಕುಂದರು" ಎಂದು ತಿರುಗಿ, ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: ಕುಡಗೋಲು, ಶ್ರಮದ ಸಂಕೇತ. ಆಮೇಲೆ ಕುಡಗೋಲು ಎತ್ತಿ ಹಿಡಿದು ಹತ್ತು ನಿಮಿಷ ಶ್ರಮದ ಬಗ್ಗೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ಅದೇ ದುಃಖ.

ಪಾಠ ಮುಗಿದಾಗ ಹುಕ್ಕೇರಿ ತಾಲೂಕಿನ ಹತ್ತರಗಿಯಿಂದ ಬಂದಿದ್ದ ಹಿರಿಯ ಮಾಸ್ತರರು ನನ್ನ ಕೈ ಹಿಡಿದರು. "ನಾಳಿ ನಮ್ಮ ಹುಕ್ಕೇರ್ಯಾಗ ಇದ್ನ ಮಾಡಿ ತೋರಿಸ್ರಿ. ಆ ಕುಡಗೋಲ ಮಾತ್ರ ಮರೀಬ್ಯಾಡ್ರಿ."

ನಾನು ಹುಡುಗಿಯನ್ನು ಕರೆದೆ. "ಒಂದ ದಿನ ಇಟಗೋತೀನವಾ. ಬುಧವಾರ ಮುಂಜಾನೆ ಕೊಡ್ತೀನಿ."

"ಸರ, ನಾಳಿ ಅವ್ವಗ ಗೋಂಜಾಳ ಕೊಯ್ಯಾಕ ಹೋಗೋದೈತ್ರಿ." ಊರಲ್ಲಿ ಮೆಕ್ಕೆಜೋಳದ ಕೊಯ್ಲು ನಡೆದಿತ್ತು.

"ಒಂದ ದಿನಕ್ಕ ಯಾರದರ ಇಸಗೊಂಡು ಹೋಗ್ತಾಳ ಬಿಡು."

ಮಾಸ್ತರ ಕೇಳಿದರೆ ಹನ್ನೆರಡು ವರ್ಷದ ಹುಡುಗಿ ಇಲ್ಲವೆನ್ನುತ್ತಾಳೆಯೇ? ತಲೆಯಾಡಿಸಿದಳು.

ಮಂಗಳವಾರ ಕುಡಗೋಲನ್ನು ಪೇಪರಿನಲ್ಲಿ ಸುತ್ತಿ ಘಟಪ್ರಭೆಯ ಮೇಲೆ ಹಾದು ಹುಕ್ಕೇರಿಗೆ ಹೊರಟೆ. ದಾರಿಯುದ್ದಕ್ಕೂ ಚಿಂತೆ: ಕಂಡಕ್ಟರ್ ನನ್ನನ್ನು ಏನೆಂದು ತಿಳಿದಾನು, ಪೇಪರು ಹರಿದು ಬಾಜೂ ಕೂತವರ ತೊಡೆಗೆ ತಾಗಿದರೆ, ಬಸ್ಸಿನಲ್ಲೇ ಮರೆತಿಳಿದರೆ. ಅಷ್ಟೆಲ್ಲ ಚಿಂತೆಗಳ ನಡುವೆ ಆ ತಾಯಿ ಒಮ್ಮೆಯೂ ಬರಲಿಲ್ಲ. ಹುಕ್ಕೇರಿಯಲ್ಲಿ ಕುಡಗೋಲು ಎತ್ತಿ ಹಿಡಿದಾಗ ಚಪ್ಪಾಳೆ ಬಿತ್ತು.

ಬುಧವಾರ ಹುಡುಗಿ ಶಾಲೆಗೆ ಬಂದಿರಲಿಲ್ಲ. ಗೆಳತಿಯೊಬ್ಬಳು ಮನೆ ತೋರಿಸಿದಳು. ತಾಯಿ ಹೊಸ್ತಿಲಲ್ಲಿ ಕೂತು ಜೋಳ ಹಸನ ಮಾಡುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು.

"ಬರ್ರಿ ಸರ. ಚಾ ಮಾಡ್ತೇನಿ."

"ಹುಡುಗಿ ಎಲ್ಲಿರಿ?"

"ಗೋಂಜಾಳ ಕೊಯ್ಯಾಕ ಹೋಗ್ಯಾಳ್ರಿ, ನನ್ನ ಬದಲಿ. ನಿನ್ನೆನೂ ಆಕಿನ ಹೋಗಿದ್ಲು. ಗುಂಪಿನ್ಯಾಗ ಒಂದಾಳ ಕಮ್ಮಿ ಆದ್ರ ಮುಂದ ನಮ್ಮನ್ನ ಕರಿಯಂಗಿಲ್ರಿ."

"ನೀವ ಯಾರದರ ಕುಡಗೋಲ ಇಸಗೊಂಡು…"

"ನಾ ಎಡಚಿ ರೀ ಸರ. ಬ್ಯಾರೇದೋರದು ನನ್ನ ಕೈಗೆ ಕೊಯ್ಯಂಗಿಲ್ಲ. ಇದು ಕಮ್ಮಾರಗ ಹೇಳಿ ಮಾಡಿಸಿದ್ದು. ಆಕಿ ಬಲಗೈಯಾಕಿ, ಬಾಜೂ ಮನಿಯವರದು ಇಸಗೊಂಡು ಹೋದ್ಲು." ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಸರ ಸುಮ್ನ ಒಯ್ಯಂಗಿಲ್ಲ, ಏನರ ಕೆಲಸ ಇರತೈತಿ ಅಂದ್ಲು ಹುಡುಗಿ."

ಪೇಪರು ಬಿಚ್ಚಿದೆ. ಎರಡು ದಿನ ಎರಡು ಊರಿನ ಮಾಸ್ತರರ ಮುಂದೆ ನಾನು ಎತ್ತಿ ಹಿಡಿದ ಕುಡಗೋಲು. ಅದರ ಅಲಗು ಎಡಗೈಗೆ ಮಸೆದದ್ದೆಂದು ನಾನು ನೋಡಿಯೇ ಇರಲಿಲ್ಲ. ಆಕೆ ಅದನ್ನು ಎಡಗೈಯಲ್ಲೇ ತೆಗೆದುಕೊಂಡು ಚಾ ಮಾಡಲು ಒಳಗೆ ಹೋದಳು. ಎಲ್ಲಿ ಕೂರಬೇಕೆಂದು ತಿಳಿಯದೆ ನಾನು ಗೋಡೆ ನೋಡುತ್ತ ನಿಂತೆ.

ಮೊಳೆ ಖಾಲಿ ಇತ್ತು. ಅವ್ವ ಮನೆಯಲ್ಲಿದ್ದಳು.