ಡೆಡಿಕೇಟೆಡ್ ಟೀಚರ್

ಅರುವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನ ಊರು ಕನ್ಯಾನ. ತಾಯಿ ತೀರಿಕೊಂಡ ಮೇಲೆ ಅಲ್ಲಿ ಅಣ್ಣ, ಅತ್ತಿಗೆ ಇದ್ದರು. ಹೋದರೆ ಬೇಡವೆನ್ನುತ್ತಿರಲಿಲ್ಲ, ಹೋಗದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುತ್ತಲೂ ಇರಲಿಲ್ಲ. ಬಾಡಿಗೆ ಕೋಣೆಯಲ್ಲಿ ನಾನೊಬ್ಬಳೇ. ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಭಾನುವಾರ ಮಾತ್ರ ಬೆಳಗಿನ ಗಂಜಿ ಮುಗಿದ ಕೂಡಲೇ ಆ ಕೋಣೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಶಾಲೆಗೆ ಹೋಗಿ, ಲೈಬ್ರರಿಯ ಬೀಗ ತೆಗೆದು, ಹರಿದ ಪುಸ್ತಕಗಳಿಗೆ ಮೈದಾದ ಅಂಟು ಹಚ್ಚಿ ರಟ್ಟು ಹಾಕುತ್ತಾ ಸಂಜೆ ಮಾಡುತ್ತಿದ್ದೆ.

ಆ ಸಲದ ವಾರ್ಷಿಕೋತ್ಸವದಲ್ಲಿ ಹೆಡ್ಮಾಸ್ಟರರು ವೇದಿಕೆಯಿಂದ ನನ್ನತ್ತ ಕೈ ತೋರಿಸಿ, "ಇವರು ನಮ್ಮ ಡೆಡಿಕೇಟೆಡ್ ಟೀಚರ್. ಇವರಿಗೆ ಭಾನುವಾರವೂ ರಜೆ ಇಲ್ಲ" ಎಂದರು. ಚಪ್ಪಾಳೆಯಾಯಿತು. ನಾನು ನೆಲ ನೋಡುತ್ತಾ ಕೂತಿದ್ದೆ.

ಮುಂದಿನ ಕ್ಲಾಸಿನಲ್ಲಿ ಎದುರಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: "ಟೀಚರ್, ಡೆಡಿಕೇಟೆಡ್ ಅಂದ್ರೆ ಎಂತ?"

ಭಕ್ತಿ ಎಂದರೆ ಅರ್ಥ ದೇವರ ಕಡೆ ಹೋಗುತ್ತದೆ, ನಿಷ್ಠೆ ಎಂದರೆ ಸ್ವಲ್ಪ ಬಿಗಿಯಾಗುತ್ತದೆ. ಒಂದು ಕೆಲಸಕ್ಕೆ ತನ್ನನ್ನೇ ಕೊಟ್ಟುಕೊಂಡವರು ಎಂದೆ. ಯಾವುದಕ್ಕೆ ಎಂದು ಹೇಳಬೇಕಾದರೆ ಮುಂದೆ 'ಟು' ಬರಬೇಕೆಂದು ಬೋರ್ಡಿನಲ್ಲಿ ಬರೆದು, ಎಲ್ಲರೂ ಒಂದೊಂದು ವಾಕ್ಯ ಮಾಡಿ ಎಂದೆ. ಒಬ್ಬಳು ತನ್ನ ಅಜ್ಜಿಯನ್ನು ಹಟ್ಟಿಯ ಎಮ್ಮೆಗೆ ಡೆಡಿಕೇಟೆಡ್ ಮಾಡಿದಳು. ಕ್ಲಾಸೆಲ್ಲ ನಕ್ಕಿತು. ಪ್ರಶ್ನೆ ಕೇಳಿದ್ದ ಹುಡುಗಿಯ ಸರದಿ ಬಂತು. ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: ನಮ್ಮ ಟೀಚರ್ ಶಾಲೆಗೆ ಡೆಡಿಕೇಟೆಡ್, ಯಾಕೆಂದರೆ ಮನೆಯಲ್ಲಿ ಅವರಿಗೆ ಯಾರೂ ಇಲ್ಲ.

ಯಾರೂ ನಗಲಿಲ್ಲ. ಅವಳ ಮುಖದಲ್ಲಿ ಕುಚೋದ್ಯವಿರಲಿಲ್ಲ; ವಾಕ್ಯ ಮಾಡಲು ಬಂತಲ್ಲ ಎಂಬ ಸಮಾಧಾನವಿತ್ತು.

"ಸರಿ ಉಂಟು, ಕೂತ್ಕೊ" ಎಂದು ಬೋರ್ಡಿನ ಕಡೆ ತಿರುಗಿದೆ. ಅಳಿಸಬಾರದ್ದನ್ನೂ ಅಳಿಸಿಬಿಟ್ಟೆ.

ಭಾನುವಾರ ಸಂಜೆ ಲೈಬ್ರರಿಯ ಬಾಗಿಲಲ್ಲಿ ಅವಳ ತಾಯಿ ನಿಂತಿದ್ದರು. ಜೈನರು. ಮನೆಮಾತು ತುಳುವಾದರೂ ಟೀಚರ ಹತ್ತಿರವೆಂದು ಕನ್ನಡದಲ್ಲೇ ಮಾತಾಡಿದರು.

"ಮಗಳು ಕ್ಲಾಸಿನಲ್ಲಿ ಎಂತದೋ ಹೇಳಿದಳಂತೆ. ಬೇಸರ ಮಾಡ್ಬೇಡಿ."

"ಅವಳು ಸುಳ್ಳು ಹೇಳಲಿಲ್ಲ" ಎಂದೆ.

ಅವರು ನನ್ನ ಅಂಟು ಮೆತ್ತಿದ ಕೈಗಳನ್ನು ನೋಡಿದರು. "ಹಾಗಾದ್ರೆ ಬನ್ನಿ, ಊಟಕ್ಕೆ ಹೋಗುವ. ಕತ್ತಲಾದ ಮೇಲೆ ನಮ್ಮಲ್ಲಿ ಉಣ್ಣುವ ಕ್ರಮ ಇಲ್ಲ."

ಅಡುಗೆಮನೆಯಲ್ಲಿ ಮಣೆ ಹಾಕಿ ಬಡಿಸಿದರು. ಹೆಸರುಬೇಳೆ ತೊವ್ವೆ, ಸೌತೆಕಾಯಿ ಹುಳಿ. ಅವರು ಕೇಳದೆಯೇ ಎರಡನೆಯ ಸಲ ಅನ್ನ ಹಾಕಿದಾಗ, ಇನ್ನೊಬ್ಬರು ಬಡಿಸಿದ್ದನ್ನು ಉಣ್ಣದೆ ಎಷ್ಟು ಕಾಲವಾಗಿತ್ತೆಂದು ನನಗೆ ಗೊತ್ತಾಯಿತು. ಆಮೇಲೆ ಎಷ್ಟೋ ಭಾನುವಾರ ಅಲ್ಲಿ ಉಂಡೆ.

ಕೆಲವು ವರ್ಷಗಳಲ್ಲಿ ಹುಡುಗಿ ಮದುವೆಯಾಗಿ ಬಂಟ್ವಾಳಕ್ಕೆ ಹೋದಳು. ನಾನು ಕೆಲಸ ಬದಲಿಸಿ ಬೆಳ್ತಂಗಡಿಗೆ ಬಂದೆ. ಹೊಸ ಶಾಲೆಯ ಹೆಡ್ಮಾಸ್ಟರರು, "ನೀವು ಭಾನುವಾರವೂ ಬರ್ತೀರಂತೆ?" ಎಂದು ಕೇಳಿದರು.

"ಇಲ್ಲ ಸರ್, ಬರುವುದಿಲ್ಲ" ಎಂದೆ.

ಆ ಊರಿನಲ್ಲಿ ನನ್ನನ್ನು ಕರೆಯುವವರು ಯಾರೂ ಇರಲಿಲ್ಲ. ಮೊದಲ ಭಾನುವಾರ ಸಂಜೆಯವರೆಗೂ ಕೋಣೆಯಲ್ಲೇ ಕೂತಿದ್ದೆ. ಕೊನೆಗೆ ಕೊಡಪಾನ ತೆಗೆದುಕೊಂಡು ಬಾವಿಕಟ್ಟೆಗೆ ಹೋದೆ. ಪಕ್ಕದ ಮನೆಯ ಹೆಂಗಸು ನೀರು ಸೇದುತ್ತಿದ್ದರು. ಬೇಸಗೆಯಲ್ಲಿ ಈ ಬಾವಿ ಬತ್ತುತ್ತದಾ ಎಂದು ಕೇಳಿದೆ. ಅವರು ತುಂಬಿದ ಕೊಡವನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಮಾತಿಗೆ ನಿಂತರು.