ಕಣ್ಣು ತೆರೆಸುವ ಕಾಕಾ

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ಹಳೆಯ ಹುಣಸೆಹಣ್ಣಿನ ಬಣ್ಣದ್ದಾಗಿತ್ತು. ಕತ್ತಲಕೋಣೆಯ ಔಷಧದ ನೀರಿನಲ್ಲಿ ವರ್ಷಗಟ್ಟಲೆ ಫೋಟೋ ತೊಳೆದದ್ದರ ಕಲೆ ಅದು. ರೀಲಿನ ಕಾಲ ಮುಗಿದು, ಡಿಜಿಟಲ್ ಕ್ಯಾಮೆರಾ ಬಂದು, ಆ ಕೋಣೆಯಲ್ಲಿ ಕಂಪ್ಯೂಟರ್ ಕೂತ ಮೇಲೂ ಕಲೆ ಹೋಗಲಿಲ್ಲ. ಆ ಉಗುರಿನಿಂದ ಕ್ಯಾಮೆರಾದ ಹಿಂಬದಿಯ ಪರದೆಯನ್ನು ಟಕ್ ಟಕ್ ಎಂದು ಕುಟ್ಟಿ, "ಇದೇನ ಇದು?" ಎಂದು ಕೇಳುತ್ತಿದ್ದರು. ಉತ್ತರ ಅವರಿಗೆ ಬೇಕಿರಲಿಲ್ಲ.

ಅವರು ತೀರಿಕೊಂಡ ದಿನ ವಾಡಿಯ ಅವರ ಫೋಟೋ ಸ್ಟುಡಿಯೋ ಮುಂದೆ ಕೂತವರು ಹೇಳಿದ್ದು ಒಂದೇ ಮಾತು: "ಸತ್ತವರಿಗೂ ಕಣ್ಣ ಕೊಟ್ಟ ಪುಣ್ಯಾತ್ಮ ನೋಡ್ರಿ." ಇವತ್ತಿಗೂ ಊರು ಅದನ್ನೇ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಎದುರಾಳಿಯ ವಾಕ್ಯದಲ್ಲಿ ಎಲ್ಲರೂ ಸುಮ್ಮನೆ ದಾಟಿಹೋಗುವ ಪದವನ್ನು ಹಿಡಿದು ನಿಲ್ಲಿಸಬೇಕು ಎಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ. ಇಲ್ಲಿ ಆ ಪದ 'ಕೊಟ್ಟ'. ಕೊಡಬೇಕಾದರೆ ಎಲ್ಲಿಂದಾದರೂ ತರಬೇಕಲ್ಲ? ಎಲ್ಲಿಂದ ತಂದರು?

ನಮ್ಮ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಹಚ್ಚಿ, ಬಾಯಿ ತೆರೆಯದಂತೆ ಗದ್ದದಿಂದ ನೆತ್ತಿಗೆ ಬಟ್ಟೆ ಕಟ್ಟಿ, ಮಕ್ಕಳು ಮೊಮ್ಮಕ್ಕಳು ಸುತ್ತ ಕೂತು ಫೋಟೋ ತೆಗೆಸುತ್ತೇವೆ. ಎಷ್ಟೋ ಹಿರಿಯರಿಗೆ ಅದೇ ಮೊದಲ ಫೋಟೋ, ಅದೇ ಕೊನೆಯದು. ಅದರಿಂದ ಮುಖವನ್ನಷ್ಟೇ ತೆಗೆದುಕೊಂಡು, ಕಟ್ಟಿದ ಬಟ್ಟೆ ಅಳಿಸಿ, ಮುಚ್ಚಿದ ಕಣ್ಣು ತೆರೆದಂತೆ ಮಾಡಿ, ಗಾಜಿನ ಕಟ್ಟು ಹಾಕಿಸಿ ಕೊಡುವುದರಲ್ಲಿ ಕಾಕಾ ಹೆಸರುವಾಸಿ. ರೀಲಿನ ಕಾಲದಲ್ಲಿ ಕಣ್ಣನ್ನು ಸಣ್ಣ ಕುಂಚದಿಂದ ಬಿಡಿಸುತ್ತಿದ್ದರು. ಆಗ ಊರಿನ ಸತ್ತವರೆಲ್ಲ ಬೆದರಿದವರಂತೆ ಕಾಣುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಸತ್ತವರ ಕಣ್ಣಿಗೆ ಹೊಳಪು ಬಂತು. ಹೇಗೆ ಬಂತೆಂದು ಯಾರೂ ಕೇಳಲಿಲ್ಲ.

ನನ್ನನ್ನು ಅವರ ಹತ್ತಿರ ಕಲಿಯಲು ಬಿಟ್ಟದ್ದು ಅಪ್ಪ. ಬಿ.ಎ. ಪರೀಕ್ಷೆ ಮುಗಿದಿತ್ತು. ನಮ್ಮೂರಾದ ರಾವೂರಿನಿಂದ ವಾಡಿಗೆ ಟಂಟಂ ಆಟೋದಲ್ಲಿ ಕೂತು ಹೋದೆವು.

"ಏನ್ ಬರ್ತದ ಈಕಿಗೆ?" ಎಂದರು ಕಾಕಾ, ನನ್ನ ಕಡೆ ನೋಡದೆ.

"ಭಾಷಣ ಭಾಳ ಚಲೋ ಮಾಡ್ತಾಳ್ರಿ."

"ಹಂಗಂದ್ರ ಏನೂ ಬರಂಗಿಲ್ಲ ಅನ್ರಿ."

ಅಂದಿನಿಂದ ನನ್ನ ಹೆಸರು ವಕೀಲಮ್ಮ. ಮೊದಲು ಹಿಡಿಸಿದ್ದು ಒಂದು ಬಿಳಿ ಕಲ್ಲಿನ ಫೋಟೋ. ನಮ್ಮೂರ ಗಣಿಯದೇ ಕಲ್ಲು, ಮೇಲೆ ವಾಡಿಯ ಸಿಮೆಂಟ್ ಧೂಳು. ಬಿಸಿಲಿನಲ್ಲಿಟ್ಟು ತೆಗೆದರೆ ಪರದೆಯ ಮೇಲೆ ಅದು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು.

"ಕ್ಯಾಮೆರಾ ನಿನ್ನಂಗೇ ಅದ. ಬುದ್ಧಿ ಇಲ್ಲ, ಧೈರ್ಯ ಭಾಳ. ಬಿಳೀದು ಕಂಡ ಕೂಡ್ಲೆ ಬೆಳಕ್ ಜಾಸ್ತಿ ಆಯ್ತಂತ ತಾನೇ ಕಡಿಮಿ ಮಾಡ್ತದ. ನೀ ಅದಕ್ಕ ಇಲ್ಲ ಅಂತ ಹೇಳ್ಬೇಕು."

ಕಲ್ಲಿಗೂ ನೆರಳಿನ ಬದಿ ಇರುತ್ತದೆ, ಅದು ಬೂದಿಯಾಗಿ ಕಂಡರೆ ತಪ್ಪೇನು ಎಂದು ನಾನು ವಾದಿಸಿದೆ. ಕೊನೆಯವರೆಗೂ ಕೇಳಿಸಿಕೊಂಡರು. "ವಾದಾ ಗೆದ್ದಿ, ಆಯ್ತು. ಕಲ್ಲ್ ಇನ್ನಾ ಬೂದಿಯಂಗೇ ಅದ" ಎಂದು ಒಳಗೆ ಹೋದರು.

ಅವರ ನಿಯಮ ಒಂದೇ. ದಿನವಿಡೀ ಎಷ್ಟಾದರೂ ತೆಗೆ, ಸಂಜೆಗೆ ಒಂದೇ ಉಳಿಯಬೇಕು. ಮೆಮೊರಿ ಕಾರ್ಡ್ ಸಣ್ಣದು ಎಂಬುದು ನೆಪ. ಅಳಿಸುವ ಗುಂಡಿಯನ್ನು ಅವರು ಎಂದೂ ಒತ್ತುತ್ತಿರಲಿಲ್ಲ, ನನ್ನಿಂದಲೇ ಒತ್ತಿಸುತ್ತಿದ್ದರು. "ನೀನೇ ಡಿಲೀಟ್ ಹೊಡಿ. ನಾ ಹೊಡದ್ರ ನನ್ನ ಮ್ಯಾಗ ಸಿಟ್ಟ್ ಬರ್ತದ. ನೀ ಹೊಡದ್ರ ಬುದ್ಧಿ ಬರ್ತದ."

ಗಿರಾಕಿಗಳ ಮೇಲೂ ಕನಿಕರವಿರಲಿಲ್ಲ. ವರನ ಕಡೆಯವರಿಗೆ ಕಳಿಸಲು ಫೋಟೋ ತೆಗೆಸಲೆಂದು ಮಗಳನ್ನು ಕರೆತಂದ ಚಿತ್ತಾಪುರದ ತಾಯಿಯೊಬ್ಬಳು, "ಜರಾ ಬೆಳ್ಳಗ ಮಾಡಿ ಕೊಡ್ರಿ" ಎಂದಳು. "ಮಾಡ್ತೀನಿ. ನೋಡ್ಲಿಕ್ಕ ಬಂದ ದಿನ ಮಣೆ ಮ್ಯಾಗ ಫೋಟೋನೇ ಕೂಡಸ್ತೀರೇನು?" ಎಂದರು ಕಾಕಾ, ಆ ಹುಡುಗಿಯ ಎದುರಿಗೇ. ಹುಡುಗಿ ತಲೆ ತಗ್ಗಿಸಿದವಳು ಮತ್ತೆ ಎತ್ತಲಿಲ್ಲ. ಫೋಟೋದಲ್ಲೂ ಹಾಗೇ ಬಂದಳು. ಇದನ್ನು ನೇರನುಡಿ ಎಂದು ಹೊಗಳುವವರಿದ್ದಾರೆ. ತಾಯಿಗೆ ಹೇಳಬೇಕಾದದ್ದನ್ನು ಮಗಳ ಮೇಲೆ ಒಗೆಯುವುದಕ್ಕೆ ನೇರನುಡಿ ಎನ್ನುವುದು ಹೇಗೆ?

ಒಮ್ಮೆ ಮಾತ್ರ ಅವರು ನಕ್ಕದ್ದು ನನಗೆ ಸಿಕ್ಕಿತು. ಸ್ಟುಡಿಯೋದ ಹಿಂದೆಯೇ ಮನೆ. ಕಾಕು, ಅಂದರೆ ಅವರ ಹೆಂಡತಿ, ಬಾಗಿಲ ಪರದೆಯ ಆಚೆಯಿಂದ, "ಮಂದೀ ಮಾರಿಗಿ ಹೆಸರಿಡಾವ್ರು ಜರಾ ಕನ್ನಡಿ ನೋಡ್ಕೋರಿ, ಗಡ್ಡದಾಗ ಚುರುಮುರಿ ಕುಂತಾವ" ಎಂದು ಕೂಗಿದರು. ಕಾಕಾ ಕಣ್ಣು ಅರಳಿಸಿ ನಕ್ಕರು. ನಾನು ಒತ್ತಿದೆ. ಕ್ಯಾಮೆರಾ ಅವರ ಕಿವಿಯನ್ನು ಚೊಕ್ಕಾಗಿ ಹಿಡಿದು ಮುಖವನ್ನು ಸ್ವಲ್ಪ ಮಸುಕಾಗಿಸಿತ್ತು.

"ಡಿಲೀಟ್ ಹೊಡಿ. ನಾ ಕ್ಯಾಮೆರಾದ ಈ ಕಡೆಯಾಂವ."

"ಇರ್ಲಿ ಬಿಡ್ರಿ," ಎಂದರು ಕಾಕು, ಹೊರಗೆ ಬಂದು. "ಮನ್ಯಾಗ ನಿಮ್ದೊಂದು ಫೋಟೋ ಇಲ್ಲ."

"ನಾನೇ ಇದ್ದೀನಲ್ಲ, ಫೋಟೋ ಯಾಕ?"

ಅಳಿಸುವ ಗುಂಡಿ ಒತ್ತಿಸಿದರು.

ಆಮೇಲೆ ಒಂದು ದಿನ ಕ್ಯಾಮೆರಾ ಮನೆಗೆ ಕೊಟ್ಟು ಕಳಿಸಿದರು. ನಮ್ಮ ಆಯಿ, ಅಪ್ಪನ ತಾಯಿ, ಹುಟ್ಟಿದಂದಿನಿಂದ ಫೋಟೋ ತೆಗೆಸಿಕೊಂಡವಳಲ್ಲ. ಹಲ್ಲು ಹೋದ ಮೇಲಂತೂ ಸೆರಗು ಬಾಯಿಂದ ಸರಿಯುತ್ತಲೇ ಇರಲಿಲ್ಲ. ಬಾಗಿಲ ಬಳಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಕ್ಯಾಮೆರಾ ಎತ್ತಿದ್ದೇ ತಡ, "ಏ ಹುಚ್ಚಿ, ತಗಿ ಆ ಡಬ್ಬಿ! ನನ್ನ ಬೊಚ್ಚ ಬಾಯಿ ಯಾರಿಗಿ ತೋರಸ್ತಿ?" ಎಂದು ನಗುತ್ತ ಹೊಡೆಯಲು ಕೈ ಎತ್ತಿದಳು. ಸೆರಗು ಜಾರಿತು. ಬೆಳಕು ಕಡಿಮೆ, ಕ್ಯಾಮೆರಾ ನಿಧಾನ. ಕೈ ಹೊಗೆಯಂತೆ ಬಂತು, ಮುಖವೂ ಒಂದಿಷ್ಟು ಅಲುಗಿತ್ತು. ಆದರೆ ಬೆಳ್ಳನೆಯ ಉಂಗುರ ಕಟ್ಟಿದ ಆ ಮುದಿ ಕಣ್ಣುಗಳು ನನ್ನನ್ನೇ ನೋಡಿ ನಗುತ್ತಿದ್ದವು.

ಮರುದಿನ ಉಗುರು ಟಕ್ ಟಕ್ ಎಂದಿತು. "ಇದೇನ ಇದು? ಕೈ ಎಲ್ಲ್ಯದ? ಮಾರಿ ಎಲ್ಲ್ಯದ?"

"ನಗಾಕತ್ತಾಳ್ರಿ ಕಾಕಾ. ಆಕಿ ಹಿಂಗ ಬಾಯಿ ತೆರೆದು ನಕ್ಕಿದ್ದು ಯಾರೂ ನೋಡಿಲ್ಲ."

"ನಕ್ಕಿದ್ದು ನಿನಗ ಗೊತ್ತದ. ಫೋಟೋಕ್ಕ ಗೊತ್ತಿಲ್ಲ. ಡಿಲೀಟ್ ಹೊಡಿ."

"ಕಂಪ್ಯೂಟರಿನಾಗರೆ ಹಾಕಿಡ್ರಿ."

"ಕಂಪ್ಯೂಟರ್ ನಿಮ್ಮಪ್ಪಂದಲ್ಲ. ಆಯಿ ಎಲ್ಲಿ ಓಡಿ ಹೋಗ್ತಾಳ? ನಾಳಿ ಮತ್ತ ತೆಗಿ. ಹೊಡಿಯಂಗಿಲ್ಲಂದ್ರ ನಾಳಿಂದ ಬರಬ್ಯಾಡ."

ಆ ಸ್ಟುಡಿಯೋ ಬಿಟ್ಟರೆ ನನಗೆ ಕ್ಯಾಮೆರಾ ಮುಟ್ಟುವ ಜಾಗ ಬೇರೆ ಇರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಒತ್ತಿದೆ. ತಲೆ ಎತ್ತುವಾಗ ಕಣ್ಣುಗಳು ತುಂಬಿ, ಸಿಟ್ಟಿನಿಂದ ಸುಡುತ್ತಿದ್ದವು. ಕಾಕಾ ನನ್ನ ಕೈಯಿಂದ ಕ್ಯಾಮೆರಾ ಕಸಿದು ನನ್ನ ಮುಖಕ್ಕೇ ಹಿಡಿದು ಕ್ಲಿಕ್ ಎನಿಸಿದರು.

"ಹಾಂ! ಇದಕ್ಕಂತಾರ ಫೋಟೋ. ಕಣ್ಣಾಗ ಫೋಕಸ್ ಹೆಂಗ ಚೊಕ್ಕ ಕುಂತದ ನೋಡು." ಪಾಠ ಹೇಳುವ ಉತ್ಸಾಹದಲ್ಲಿ ಪರದೆಯ ಮೇಲೆ ನನ್ನ ಕಣ್ಣನ್ನು ದೊಡ್ಡದು ಮಾಡಿ ತೋರಿಸಿದರು. ಕಣ್ಣಿನ ಕಪ್ಪಿನಲ್ಲಿ ಸ್ಟುಡಿಯೋದ ಗಾಜಿನ ಕಿಟಕಿ, ಒಡೆದ ಗಾಜಿನ ಜಾಗಕ್ಕೆ ಹಚ್ಚಿದ್ದ ರಟ್ಟು, ಅದರ ಮುಂದೆ ಕ್ಯಾಮೆರಾ ಹಿಡಿದು ನಿಂತ ಅವರದೇ ಸಣ್ಣ ಕರಿಯ ಆಕೃತಿ. ಆ ಫೋಟೋ ಮಾತ್ರ ಕಂಪ್ಯೂಟರಿಗೆ ಹೋಯಿತು.

'ನಾಳೆ' ಬರಲಿಲ್ಲ. ಆಯಿ ತೆಂಗಳಿಯ ಮಗಳ, ಅಂದರೆ ನನ್ನ ಅತ್ತೆಯ ಮನೆಗೆ ಹೋದವಳು ಜ್ವರ ಹಿಡಿಸಿಕೊಂಡು ಬಂದಳು. ಜ್ವರದಲ್ಲಿ ನರಳುವವಳ ಮುಂದೆ ಕ್ಯಾಮೆರಾ ಹಿಡಿಯಲು ನನಗೆ ಮನಸ್ಸಾಗಲಿಲ್ಲ. ಹೋಗಿಬಿಟ್ಟಳು. ಗೋಡೆಗೆ ಆನಿಸಿ ಕೂರಿಸಿದೆವು. ಅಪ್ಪ ಕಾಕಾರಿಗೆ ಹೇಳಿಕಳಿಸಿದ.

ಕಾಕಾ ಬಂದು ನನ್ನ ಕೈಗೆ ಬಿಳಿ ಪಂಚೆ ಕೊಟ್ಟರು. "ವಕೀಲಮ್ಮ, ಇದು ಹಿಡಿ, ಮಾರಿ ಮ್ಯಾಗ ಬೆಳಕ್ ಬೀಳ್ಲಿ. ಅಳೂದು ಆಮ್ಯಾಗ." ನಾನು ಹಿಡಿದೆ. ಒಂದೊಂದೇ ತೆಗೆಯುತ್ತ ನನಗಷ್ಟೇ ಕೇಳುವಂತೆ ಅಂದರು: "ಈಗ ನೋಡು, ಎಷ್ಟ್ ಚಲೋ ಕುಂತಾಳ. ಅಲುಗಾಡಂಗಿಲ್ಲ."

"ಅವತ್ತು ಅಳಸಿದ್ದು ವಾಪಸ್ ಬರ್ತದೇನ್ರಿ?" ಎಂದು ಕೇಳಿದೆ.

"ಕಾರ್ಡಿನಾಗ ಅದ್ರ ಮ್ಯಾಗ ಮಂದೀ ಲಗ್ನದ ಫೋಟೋ ತುಂಬ್ಯಾವ."

ಕಟ್ಟು ಹಾಕಿಸಿದ ಫೋಟೋ ಮನೆಗೆ ಬಂತು. ಅತ್ತೆ ಅದನ್ನು ಎದೆಗೊತ್ತಿಕೊಂಡು ಅತ್ತಳು. "ಖರೇನೇ ಅವ್ವ ನೋಡಾಕತ್ತಾಳ. ಈ ಹುಡುಗಿ ನೋಡ್ರಿ, ಥೇಟ್ ಅವ್ವನ ಕಣ್ಣೇ ಬಂದಾವ ಇದಕ್ಕ." ನಾನು ಹತ್ತಿರ ಹೋದೆ. ಆಯಿಯ ಕಣ್ಣೊಳಗೆ ಗಾಜಿನ ಕಿಟಕಿ ಇತ್ತು. ಕಿಟಕಿಗೆ ರಟ್ಟು ಇತ್ತು.

ನಾನು ಅಪ್ಪನ ಮುಂದೆ ವಾದ ಮಂಡಿಸಿದೆ. ಆಯಿಯ ಕಣ್ಣಿನ ಬಿಳಿ ಉಂಗುರ ಎಲ್ಲಿ? ನಮ್ಮ ಮನೆಯಲ್ಲಿ ಗಾಜಿನ ಕಿಟಕಿ ಎಲ್ಲಿದೆ? ಒಳಗೆ ನಿಂತಿರುವ ಮನುಷ್ಯ ಯಾರು? ಎಲ್ಲಕ್ಕಿಂತ ಹೆಚ್ಚಾಗಿ, ಆಯಿ ಯಾರನ್ನಾದರೂ ಇಷ್ಟು ದ್ವೇಷದಿಂದ ನೋಡಿದ್ದುಂಟೇ? ಸಾಕ್ಷಿಯಿತ್ತು, ತರ್ಕವಿತ್ತು. ಅಪ್ಪ ಬಹಳ ಹೊತ್ತು ನೋಡಿದ. ಧೋತರದ ಚುಂಗಿನಿಂದ ಗಾಜು ಒರೆಸಿದ. "ನೀ ಎಲ್ಲಾದ್ರಾಗೂ ವಾದಾ ಮಾಡ್ತಿ," ಎಂದ. "ಇದ್ರಾಗರೆ ಸುಮ್ಕಿರವ್ವಾ." ಮೊಳೆ ಹೊಡೆದು ತೂಗುಹಾಕಿದ. ದಿನಾ ಬೆಳಿಗ್ಗೆ ಅದಕ್ಕೆ ಕೈ ಮುಗಿಯುತ್ತಾನೆ, ನನ್ನ ಸಿಟ್ಟಿಗೆ.

ಸ್ಟುಡಿಯೋಕ್ಕೆ ಹೋಗಿ, "ಅವು ನನ್ನ ಕಣ್ಣ" ಎಂದೆ.

"ಮತ್ತ? ಉಳಿದವ್ರಿಗಿ ಪಾಸ್‌ಪೋರ್ಟ್ ಫೋಟೋಕ್ಕ ಬಂದ ಮಂದೀವು ಹಾಕ್ತೀನಿ. ನಿಮ್ಮ ಆಯಿಗಿ ಮನೀವೇ ಸಿಕ್ವು. ಯಾರರೆ ತಕರಾರ್ ಮಾಡ್ಯಾರೇನು? ನೀ ಒಬ್ಬಾಕಿ. ನಿನ್ನ ಕೆಲಸೇ ಅದು."

ಅಂದೇ ಬಿಟ್ಟುಬಂದೆ. ಈಗ ಸೇಡಂನಲ್ಲಿ ನನ್ನದೇ ಸ್ಟುಡಿಯೋ ಇದೆ. ಸಾಕ್ಷಿಯನ್ನು ಮುಚ್ಚಿಡುವುದು ನನ್ನ ಪದ್ಧತಿಯಲ್ಲ, ಆದ್ದರಿಂದ ಇದನ್ನೂ ಹೇಳುತ್ತೇನೆ: ನನ್ನ ಫೋಟೋದಲ್ಲಿ ಬಿಳಿಯದು ಬಿಳಿಯದಾಗಿಯೇ ಬರುತ್ತದೆ, ಕೈ ಅಲುಗುವುದಿಲ್ಲ. ಎರಡನ್ನೂ ಕಲಿಸಿದ್ದು ಅವರೇ. ಅದು ಋಣವೆಂದಾದರೆ ಋಣವೇ. ಆದರೆ ಅಲುಗಿದ ಫೋಟೋವನ್ನು ನಾನು ಅಳಿಸುವುದಿಲ್ಲ.

ಅವರು ಹೋದ ಬೆಳಿಗ್ಗೆ ಕಾಕು ಫೋನ್ ಮಾಡಿದ್ದರು. "ಬಾ ತಂಗಿ. ಕ್ಯಾಮೆರಾ ತಗೊಂಡ್ ಬಾ."

ಅವರನ್ನು ಆ ಕಿಟಕಿಯ ಎದುರಿಗೇ ಕೂರಿಸಿದ್ದರು. ಗದ್ದಕ್ಕೆ ಬಟ್ಟೆ, ಹಣೆಗೆ ವಿಭೂತಿ, ತೊಡೆಯ ಮೇಲೆ ಆ ಕಂದು ಉಗುರಿನ ಕೈ. ನಾನು ತೆಗೆದೆ. ಒಂದೂ ಅಲುಗಲಿಲ್ಲ. ಕಾಕು ಪಕ್ಕಕ್ಕೆ ಬಂದು ನನ್ನ ಮೊಣಕೈ ಹಿಡಿದರು.

"ಕಣ್ಣ ನೀನೇ ತೆರ್ಸಿ ಕೊಡು. ಆ ಕಂಪ್ಯೂಟರಿನಾಗ ಮಂದೀ ಕಣ್ಣ ತುಂಬ್ಯಾವ, ನನಗ ಗೊತ್ತದ. ಅವು ಬ್ಯಾಡ. ಇವ್ರವೇ ಬೇಕು. ನಕ್ಕಿದ್ರಲ್ಲ ಒಮ್ಮಿ, ನೀ ತೆಗದಿದ್ದಿ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಗುಂಡಿ ಒತ್ತಿಸಿದಾಗ ಅವರೂ ಅಲ್ಲೇ ಇದ್ದರು.

ನಾನು ಬಲ್ಲಂತೆ ಬದುಕಿದ್ದ ಕಾಕಾರ ಒಂದೇ ಒಂದು ಫೋಟೋ ಉಳಿದಿದೆ. ಅದು ರಾವೂರಿನ ನಮ್ಮ ಮನೆಯ ಗೋಡೆಯ ಮೇಲೆ, ಆಯಿಯ ಮುಖದಲ್ಲಿರುವ ನನ್ನ ಕಣ್ಣಿನೊಳಗೆ ಇದೆ. ಅಲ್ಲಿಯೂ ಅವರ ಮುಖದ ಮೇಲೆ ಕ್ಯಾಮೆರಾ.

ಕಾಕು ಒಳಗೆ ಹೋದ ಮೇಲೆ ನಾನು ಅವರೆದುರು ಮೊಣಕಾಲೂರಿ ಕೂತೆ. ಹೊರಗೆ ಮಂದಿ ಪುಣ್ಯಾತ್ಮ, ಪುಣ್ಯಾತ್ಮ ಎನ್ನುತ್ತಲೇ ಇದ್ದರು.

"ಈಗ ಹೇಳ್ರಿ ಕಾಕಾ," ಎಂದೆ. "ಯಾರ ಕಣ್ಣ ಇಡ್ಲಿ?"